ಒಂದೇ ಬೇಸ್, ಹಲವು ದನಿ

ಎಲ್ಲ ಬಗೆಯ ಸಂಗೀತಕ್ಕೂ ಒದಗುವ ಒಂದೇ ಒಂದು ಬೇಸ್ ಗಿಟಾರ್ ಬೇಕೆಂದು ಹೊರಟವನು ಮೊದಲು ಮರುಳಾಗುವುದು ನಾಬ್‌ಗಳಿಗೆ. ನಾಬ್ ಹೆಚ್ಚಿದಷ್ಟೂ ನಾದ ಹೆಚ್ಚು ಎಂಬ ಲೆಕ್ಕಾಚಾರದಲ್ಲಿ ನಾನು ಕೊಂಡ ಮೊದಲ ಬೇಸಿನಲ್ಲಿ ಐದು ನಾಬ್‌ಗಳೂ ಒಂದು ಪುಟ್ಟ ಸ್ವಿಚ್ಚೂ ಬೆನ್ನಿನ ಗೂಡಿನಲ್ಲಿ 9 ವೋಲ್ಟಿನ ಬ್ಯಾಟರಿಯೂ ಇದ್ದವು. ಕೇಬಲ್ ಸಿಕ್ಕಿಸಿಯೇ ಇಟ್ಟರೆ, ನುಡಿಸದಿದ್ದರೂ ಬ್ಯಾಟರಿ ಕರಗುತ್ತಿರುತ್ತದೆಂಬ ಸತ್ಯ ನನಗೆ ತಿಳಿದದ್ದು, ಒಂದು ಸಂಜೆ ಹಾಡಿನ ಎರಡನೆಯ ಚರಣದಲ್ಲಿ ಅದು ಒಡಕು ದನಿ ತೆಗೆದು, ಮೂರನೆಯದರ ಹೊತ್ತಿಗೆ ಮೌನವ್ರತ ಹಿಡಿದಾಗ.

ಅಂದಿನಿಂದ ಹಳೆಯ ವಿನ್ಯಾಸಗಳ ಮೇಲೆ ಗೌರವ ಹುಟ್ಟಿದೆ. 1951ರಲ್ಲಿ ಲಿಯೋ ಫೆಂಡರ್ ಹೊರತಂದ ಬೇಸಿಗೆ ‘ಪ್ರಿಸಿಷನ್’ ಎಂಬ ಹೆಸರು ಬಂದದ್ದೇ ಕತ್ತಿನ ಮೇಲಿನ ಲೋಹದ ಅಡ್ಡಗೆರೆಗಳಾದ ಫ್ರೆಟ್‌ಗಳ ದೆಸೆಯಿಂದ ಸ್ವರ ಕರಾರುವಾಕ್ಕಾಗಿ ಬೀಳುತ್ತಿದ್ದುದರಿಂದ. 1957ರಲ್ಲಿ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಅದರ ಪಿಕಪ್ ಎರಡು ತುಂಡಾಗಿ, ತಲಾ ಎರಡೆರಡು ತಂತಿಗಳನ್ನು ವಹಿಸಿಕೊಂಡು, ಗುಂಯ್‌ಗುಡುವ ಚಾಳಿಯನ್ನು ಬಿಟ್ಟಿತು. 1960ರ ಜಾಝ್ ಬೇಸಿಗೆ ಎರಡು ಪಿಕಪ್‌ಗಳು: ತಂತಿಗಳ ಬುಡ ಹಿಡಿದಿರುವ ಬ್ರಿಡ್ಜಿನ ಬಳಿಯದಕ್ಕೆ ಬಿಗಿಯಾದ, ತುಸು ಮೂಗಿನ ದನಿ, ಕತ್ತಿನ ಕಡೆಯದಕ್ಕೆ ದುಂಡು ದನಿ. ಈ ಎರಡು ವಂಶಗಳ ಪಿಕಪ್‌ಗಳನ್ನು ಒಂದೇ ಮರದಲ್ಲಿ ಕೂರಿಸಿದ ಪಿ-ಜೆ (ಪ್ರಿಸಿಷನ್-ಜಾಝ್) ಜೋಡಣೆಯೇ, ಅದೂ ಬ್ಯಾಟರಿಯಿಲ್ಲದ್ದೇ, ನನ್ನ ಆಯ್ಕೆ. ಬ್ರಿಡ್ಜಿನ ಬಳಿಯ ಪಿಕಪ್ ಒಂದೇ ಸುರುಳಿಯದಾದರೆ ಅದರ ದನಿ ಏರಿಸಿದಾಗ ತುಸು ಗುಂಯ್ ಎನ್ನುತ್ತದೆ, ನಿಜ. ಅಷ್ಟನ್ನು ನಾನು ಕ್ಷಮಿಸಿದ್ದೇನೆ.

ಐದನೆಯ ತಂತಿ ಬೇಕೇ ಎಂದು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ನಾಲ್ಕು ತಂತಿಯ ಬೇಸಿನ ತಳದ ಸ್ವರ ಸುಮಾರು 41 ಹರ್ಟ್ಸ್. ಐದನೆಯದು ಅದನ್ನು 31ರ ಸುಮಾರಿಗೆ ಇಳಿಸುತ್ತದೆ. ನನ್ನ ಸಣ್ಣ ಸ್ಪೀಕರಿನಲ್ಲಿ ಆ ಸ್ವರಕ್ಕಿಂತ ಸ್ಪೀಕರಿನ ಒದ್ದಾಟವೇ ಹೆಚ್ಚು ಕೇಳಿಸಿತು.

ಕುಳಿತು ನುಡಿಸಿ ಮೆಚ್ಚುವುದಂತೂ ಅಪಾಯ. ಹೆಗಲ ಪಟ್ಟಿ ತೊಟ್ಟು, ಎದ್ದು ನಿಂತು, ಎಡಗೈ ಬಿಟ್ಟು ನೋಡಬೇಕು. ತಲೆಭಾರದ ಬೇಸ್ ಒಡನೆಯೇ ನೆಲದತ್ತ ಮೂತಿ ಬಾಗಿಸುತ್ತದೆ, ಇನ್ನು ಹಾಡಿನುದ್ದಕ್ಕೂ ಅದನ್ನು ಎತ್ತಿ ಹಿಡಿಯುವ ಕೆಲಸ ಎಡಗೈಗೇ ಬೀಳುತ್ತದೆ. ಬಳಿಕ ಬಲಗೈಯನ್ನು ಬ್ರಿಡ್ಜಿನಿಂದ ಕತ್ತಿನವರೆಗೆ ಮೆಲ್ಲನೆ ಸರಿಸುತ್ತ ಅದೇ ಸ್ವರವನ್ನು ಮೀಟಬೇಕು: ಗಡುಸಾಗಿದ್ದ ನಾದ ನಾಲ್ಕೇ ಬೆರಳಿನಷ್ಟು ದೂರದಲ್ಲಿ ಮೆತ್ತಗಾಗುವುದನ್ನು ಕೇಳಿದಾಗ, ಆ ಐದು ನಾಬ್‌ಗಳ ಲೆಕ್ಕ ನನಗೇ ನಗು ತರಿಸಿತು. ಈಗಿನ ಬೇಸಿನಲ್ಲಿರುವುದು ಮೂರೇ ನಾಬ್. ಅದರಲ್ಲೂ ಒಂದನ್ನು ಮುಟ್ಟಿ ವರ್ಷವಾಯಿತು.