ಹೊಟ್ಟೆ ತುಂಬಿದವರ ಮಡಿ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಥ್ಲೆಟಿಕ್ಸ್ ಚಿನ್ನ ಗೆದ್ದವರಿಗೆ ತಲಾ 50,000 ಡಾಲರ್ ಅಂದಾಗ ಎದ್ದ ಗೋಳು ನೆನಪಿದೆ ಅಲ್ವಾ? ಒಲಿಂಪಿಕ್ಸ್‌ನ ಮಡಿ ಕೆಟ್ಟಿತು ಅಂತ ಬೇರೆ ಕ್ರೀಡೆಗಳ ಯಜಮಾನರು ಎದೆ ಬಡಿದುಕೊಂಡರು. ಟಿವಿ ಹಕ್ಕು ಕೋಟಿಗಟ್ಟಲೆಗೆ ಮಾರಿದರೆ ಮೈಲಿಗೆಯಿಲ್ಲ. ಓಡಿದವನ ಕೈಗೆ ನಾಲ್ಕು ಕಾಸು ಬಿದ್ದರೆ ಮಾತ್ರ ಪಂಚಗವ್ಯ ಬೇಕು.

ಈ ಮಡಿ ಒಲಿಂಪಿಕ್ಸ್‌ಗೆ ಮರುಜೀವ ಕೊಟ್ಟ ಫ್ರಾನ್ಸಿನ ಬ್ಯಾರನ್ ಪಿಯರ್ ಡಿ ಕೂಬರ್ಟಿನ್ ಸಾಹೇಬರ ಕಾಲದ್ದು. ದುಡಿದು ತಿನ್ನುವ ಕರ್ಮ ಅವರಿಗಿರಲಿಲ್ಲ. ಕತ್ತಿವರಸೆ, ಬಾಕ್ಸಿಂಗ್, ದೋಣಿ, ಎಲ್ಲಕ್ಕೂ ಪುರುಸೊತ್ತಿತ್ತು. 1894ರಲ್ಲಿ ದುಡ್ಡು ಮುಟ್ಟದೆ ಆಡುವವರು ಯಾರು ಅಂತ ಚರ್ಚಿಸೋಣ ಬನ್ನಿ ಎಂದು ಪ್ಯಾರಿಸ್ಸಿನ ಸೋರ್ಬಾನ್ ವಿಶ್ವವಿದ್ಯಾಲಯಕ್ಕೆ ಜನ ಕರೆದರು. ಹೊರಬಂದದ್ದು ಒಲಿಂಪಿಕ್ಸ್. ಅರಿಶಿನ ಕುಂಕುಮಕ್ಕೆ ಕರೆದು ಚೀಟಿಗೆ ಸೇರಿಸಿಕೊಂಡ ಹಾಗೆ.

ಸಾಹೇಬರು ಕವಿಯೂ ಹೌದು. 1912ರ ಸ್ಟಾಕ್‌ಹೋಮ್‌ನಲ್ಲಿ ಸಾಹಿತ್ಯಕ್ಕೂ ಪದಕ ಇಟ್ಟಿದ್ದರು. ಇಡಬೇಕೆಂದು ಹಟ ಹಿಡಿದವರು ಇವರೇ. ಗೆದ್ದದ್ದು ಹೊರೋಡ್, ಎಶ್‌ಬಾಕ್ ಎಂಬ ಜೋಡಿ ಕವಿಗಳು. ಆ ಇಬ್ಬರೂ ಇವರೇ! ಹೆಂಡತಿ ಹುಟ್ಟಿದೂರಿನ ಅಕ್ಕಪಕ್ಕದ ಎರಡು ಹಳ್ಳಿಗಳ ಹೆಸರು ಅವು. ಮಾವನ ಮನೆಗೆ ಹೋಗುವಾಗ ಬಸ್ಸಿನ ಬೋರ್ಡ್ ನೋಡಿ ಕಾವ್ಯನಾಮ ಇಟ್ಟುಕೊಂಡಂತೆ. ಅಪ್ಪಟ ಚಿನ್ನದ ಪದಕ ಕೊಟ್ಟ ಕಡೆಯ ಒಲಿಂಪಿಕ್ಸ್ ಅದು. ಕವಿಗಳಿಗೆ ಮುಹೂರ್ತ ಚೆನ್ನಾಗಿ ಗೊತ್ತಿತ್ತು.

ಅಲ್ಲೇ ಐದು ಸ್ಪರ್ಧೆಗಳ ಪೆಂಟಾಥ್ಲಾನ್, ಹತ್ತು ಸ್ಪರ್ಧೆಗಳ ಡೆಕಾಥ್ಲಾನ್ ಎರಡನ್ನೂ ಗೆದ್ದ ಜಿಮ್ ಥಾರ್ಪ್. ಅಮೆರಿಕದ ಮೂಲನಿವಾಸಿ ಹುಡುಗ. ಹಿಂದೆ ಬೇಸಿಗೆಯಲ್ಲಿ ಬೇಸ್‌ಬಾಲ್ ಆಡಿ ಕೈಖರ್ಚಿಗೆ ದುಡ್ಡು ತಗೊಂಡಿದ್ದ ಅಂತ 1913ರಲ್ಲಿ ಎರಡೂ ಪದಕ ಕಿತ್ತುಕೊಂಡರು. ದೂರಿದ್ದರೆ 30 ದಿನದೊಳಗೆ ಕೊಡಿ ಅಂತ ನಿಯಮವಿತ್ತು. ಸುದ್ದಿ ಬಂದದ್ದೇ ಆರು ತಿಂಗಳಾದ ಮೇಲೆ. ಇರಲಿ, ನಿಯಮ ಆಡುವವನಿಗೆ ತಾನೇ?

ವಯಸ್ಸಾದ ಮೇಲೆ ಬ್ಯಾರನ್ ನೆನಪುಗಳನ್ನು ಬರೆದರು. ಈ ಹವ್ಯಾಸಿ ಆಟಗಾರರ ತಕರಾರು ತನ್ನನ್ನು ಎಂದೂ ಅಷ್ಟಾಗಿ ಕಾಡಲಿಲ್ಲವಂತೆ, 1894ರ ಸಭೆ ಕರೆಯಲು ಅದೊಂದು ಪರದೆಯಾಗಿತ್ತಂತೆ. ಹೌದು ಸ್ವಾಮಿ, ನಿಮ್ಮನ್ನು ಕಾಡಲಿಲ್ಲ. ಥಾರ್ಪ್‌ನನ್ನು ಕಾಡಿತು. 1953ರಲ್ಲಿ ಕೈಯಲ್ಲಿ ಕಾಸಿಲ್ಲದೆ ಸತ್ತ. ಪದಕ ವಾಪಸ್ ಕೊಡೋಣ ಅಂತ ನಿಮ್ಮವರಿಗೆ ಅನ್ನಿಸಿದ್ದು 1982ರಲ್ಲಿ. ಅವನೊಬ್ಬನೇ ವಿಜೇತ ಅಂತ ಒಪ್ಪಲು 2022 ಆಗಬೇಕಾಯಿತು. ಯಾರ ಕೊರಳಿಗೆ ಹಾಕೋಣ ಹೇಳಿ?

ಸಾಹೇಬರೂ ಆಸ್ತಿ ಕರಗಿಸಿಕೊಂಡು 1937ರಲ್ಲಿ ಜಿನೀವಾದ ಪಾರ್ಕಿನಲ್ಲಿ ಕುಸಿದು ತೀರಿಕೊಂಡರು. ಒಲಿಂಪಿಕ್ಸ್ ಮತ್ತೆ ಶುರುಮಾಡೋಣ ಅಂತ ಅವರು 1892ರಲ್ಲಿ ಮಾಡಿದ ಭಾಷಣದ ಕೈಬರಹ 2019ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜಾಯಿತು. 14 ಪುಟ, 88 ಲಕ್ಷ ಡಾಲರ್. ಆವತ್ತು ಯಾರೂ ಎದೆ ಬಡಿದುಕೊಂಡಂತೆ ಕಾಣಲಿಲ್ಲ.