ದುಡ್ಡು ಕೊಟ್ಟ ಹಾಡು ಬರಲಿಲ್ಲ, ಕದ್ದ ಹಾಡು ಬಂತು

ಯಾರಾದರೂ ನನಗೆ ಒಂದು ಉತ್ತರ ಕೊಡಿ. ದುಡ್ಡು ಕೊಟ್ಟು ಕೊಂಡ ಹಾಡನ್ನು ನನಗೆ ಬೇಕಾದ ಕಡೆ ಹಾಕಿಕೊಂಡು ಕೇಳಲು ಇನ್ನೆಷ್ಟು ಜನರ ಒಪ್ಪಿಗೆ ಬೇಕು? ಅಂಗಡಿಯವರ ಒಪ್ಪಿಗೆ ಬೇಕು. ಅವರ ಆಪ್‌ನ ಒಪ್ಪಿಗೆ ಬೇಕು. ಎಲ್ಲೋ ಇರುವ ಒಂದು ಸರ್ವರ್‌ನ ಒಪ್ಪಿಗೆಯೂ ಬೇಕು. ನನ್ನ ದುಡ್ಡು ತಗೊಳ್ಳುವಾಗ ಮಾತ್ರ ಯಾರ ಒಪ್ಪಿಗೆಯೂ ಬೇಕಾಗಲಿಲ್ಲ. ಒಂದು ಸಲ ಒತ್ತಿದೆ, ಹೋಯಿತು.

ಅಕ್ಕ "ಬಿಡೋ, ಆಗಿದ್ದು ಆಯ್ತು" ಅನ್ನುತ್ತಿದ್ದಾಳೆ. ಭಾವ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚುತ್ತಿದೆ. ನಾನು ಬಿಡಬೇಕು, ನನಗೂ ಗೊತ್ತು. ಒಂದು ಹಾಡಿನ ವಿಷಯ ತಾನೇ. ಆದರೆ ಆಗುತ್ತಿಲ್ಲ. ಕಣ್ಣು ಮುಚ್ಚಿದರೆ ಅಕ್ಕನ ಮಗಳು ಪುಟ್ಟಿ ಕುಣಿಯಲು ವೇದಿಕೆ ಹತ್ತಿ, ಹಾಡು ಬಾರದೆ ಕೈ ಎತ್ತಿಕೊಂಡು ನಿಂತಿದ್ದೇ ಕಾಣುತ್ತದೆ.

"ಮನೆಯಲ್ಲಿ ಮೊದಲೇ ಹಾಕಿ ನೋಡಬೇಕಿತ್ತು" ಅಂತ ದಯವಿಟ್ಟು ಯಾರೂ ಹೇಳಬೇಡಿ. ನೋಡಿದ್ದೆ. ಫೋನ್‌ನಲ್ಲಿ ಬಂತು. ನನ್ನ ಲ್ಯಾಪ್‌ಟಾಪ್‌ನಲ್ಲೂ ಬಂತು. ಪೆನ್‌ಡ್ರೈವ್‌ಗೆ ಹಾಕಿ ಅದೇ ಲ್ಯಾಪ್‌ಟಾಪ್‌ಗೆ ಚುಚ್ಚಿ ನೋಡಿದೆ, ಆಗಲೂ ಬಂತು. ಆ ಲ್ಯಾಪ್‌ಟಾಪ್‌ನಲ್ಲಿ ನನ್ನ ಖಾತೆ ತೆರೆದೇ ಇತ್ತು, ಆದ್ದರಿಂದ ಬಂತು. ಇದನ್ನು ನಾನು ಹೇಗೆ ಊಹಿಸಲಿ? ಕೊಳ್ಳುವ ಪುಟದಲ್ಲಿ ದಪ್ಪ ಅಕ್ಷರದಲ್ಲಿ "ಡೌನ್‌ಲೋಡ್ ಮಾಡಿ, ನಿಮ್ಮ ಎಲ್ಲ ಸಾಧನಗಳಲ್ಲಿ ಕೇಳಿ" ಎಂದು ಬರೆದಿದ್ದರು. ನಾನು ಅದನ್ನು ನಂಬಿದೆ. ಮಾರುವವರು ಬರೆದಿದ್ದನ್ನು ನಂಬುವುದು ತಪ್ಪಾ?

ಪುಟ್ಟಿ ವೇದಿಕೆಗೆ ಬಂದಳು. ಹೆಸರು ಹೇಳಿದರು, ಜನ ಚಪ್ಪಾಳೆ ತಟ್ಟಿದರು. ಅವಳು ಮೊದಲ ಭಂಗಿಯಲ್ಲಿ ನಿಂತಳು. ಒಂದು ಕೈ ಮೇಲೆ, ಒಂದು ಕಾಲು ಹಿಂದೆ, ಮುಖ ಪಕ್ಕಕ್ಕೆ. ಹಾಡು ಶುರುವಾಗಬೇಕು. ಶುರುವಾಗಲಿಲ್ಲ. ಸೌಂಡ್‌ನವರು ನನ್ನ ಕಡೆ ನೋಡಿದರು. ಓಡಿ ಹೋದೆ. ಅವರ ಲ್ಯಾಪ್‌ಟಾಪ್ ಪರದೆಯ ಮೇಲೆ ಒಂದೇ ಸಾಲು: ಈ ಕಂಪ್ಯೂಟರ್‌ನಲ್ಲಿ ಈ ಫೈಲ್ ನುಡಿಸಲು ಅನುಮತಿ ಇಲ್ಲ.

"ಸರ್, ಇದಲ್ಲ, ಒರಿಜಿನಲ್ ಫೈಲ್ ಕೊಡಿ" ಅಂದರು.

"ಇದೇ ಒರಿಜಿನಲ್. ನಾನೇ ದುಡ್ಡು ಕೊಟ್ಟು ತಗೊಂಡಿದ್ದು."

"ದುಡ್ಡು ಕೊಟ್ಟಿದ್ರೆ ಬರ್ಬೇಕಿತ್ತಲ್ಲ ಸರ್?"

ಅವರು ಕೊಂಕಿನಿಂದ ಕೇಳಲಿಲ್ಲ. ನಿಜವಾಗಿಯೂ ಅವರಿಗೆ ಅರ್ಥವಾಗಲಿಲ್ಲ. ಆ ಮೈಕ್ ಆನ್ ಆಗಿತ್ತೋ ಏನೋ, ಮುಂದಿನ ಸಾಲಿನವರಿಗೆ ಕೇಳಿಸಿತು. ಒಬ್ಬರು ನಕ್ಕರು.

ಸರಿ, ಖಾತೆಗೆ ಸೈನ್ ಇನ್ ಆಗೋಣ ಅಂತ ಅವರ ಲ್ಯಾಪ್‌ಟಾಪ್‌ನಲ್ಲೇ ಪಾಸ್‌ವರ್ಡ್ ಹಾಕಿದೆ. ಒಟಿಪಿ ಬರಬೇಕು. ಆ ಹಾಲ್‌ನ ಒಳಗೆ ಸಿಗ್ನಲ್ ಇಲ್ಲ. ಬಾಗಿಲ ಹತ್ತಿರ ಓಡಿದೆ, ಒಟಿಪಿ ಬಂತು, ವಾಪಸ್ ಓಡಿದೆ. ಹಾಕಿದೆ. ಆಗ ಬಂದ ಸಂದೇಶ: ನಿಮ್ಮ ಸಾಧನಗಳ ಮಿತಿ ಮುಗಿದಿದೆ, ಒಂದನ್ನು ತೆಗೆದುಹಾಕಿ. ಪಟ್ಟಿ ನೋಡಿದರೆ ಎಂದೋ ಕೆಟ್ಟು ಹೋದ ಫೋನ್, ಮಾರಿಬಿಟ್ಟ ಟ್ಯಾಬ್ಲೆಟ್, ಹಳೇ ಆಫೀಸಿನ ಕಂಪ್ಯೂಟರ್. ಎಲ್ಲವೂ ನನ್ನ ಹಾಡು ಕೇಳುವ ಹಕ್ಕು ಇಟ್ಟುಕೊಂಡು ಕೂತಿವೆ. ಒಂದನ್ನು ತೆಗೆದೆ. "ಬದಲಾವಣೆ ಜಾರಿಯಾಗಲು ಸ್ವಲ್ಪ ಸಮಯ ಹಿಡಿಯಬಹುದು" ಅಂದಿತು. ಅಷ್ಟು ಹೊತ್ತೂ ಪುಟ್ಟಿ ಹಾಗೇ ನಿಂತಿದ್ದಳು. ಇಳಿದು ಬಾ ಅಂತ ಅವಳಿಗೆ ಯಾರೂ ಹೇಳಲಿಲ್ಲ. ಎತ್ತಿದ ಕೈ ನಡುಗುತ್ತಿತ್ತು.

ಫೋನ್‌ನಿಂದ ಹಾಕೋಣ ಅಂದೆ. ನನ್ನ ಫೋನ್‌ಗೆ ಹೆಡ್‌ಫೋನ್ ತೂತೇ ಇಲ್ಲ, ಅವರ ವೈರ್‌ಗೆ ಅದೇ ಬೇಕು. ಬ್ಲೂಟೂತ್ ಕೇಳಿದೆ. "ಮಿಕ್ಸರ್‌ಗೆ ಇಲ್ಲ ಸರ್" ಅಂದರು. ಆಗ ಯಾರೋ ಹಿಂದಿನಿಂದ "ಮೈಕ್ ಹತ್ರ ಹಿಡೀರಿ" ಅಂತ ಕೂಗಿದರು. ಹಿಡಿದೆ. ಏನು ಮಾಡಲಿ, ಮಗು ನಿಂತಿದೆ. ಇಡೀ ಸಭೆಯ ಮುಂದೆ ಫೋನ್ ಎತ್ತಿ ಮೈಕ್‌ಗೆ ಹಿಡಿದೆ. ಕುಂಯ್ ಅಂತ ಕಿವಿ ಹರಿಯುವ ಸದ್ದು. ಜನ ಕಿವಿ ಮುಚ್ಚಿಕೊಂಡರು. ಮಕ್ಕಳು ಗೊಳ್ಳೆಂದು ನಕ್ಕರು. ಪುಟ್ಟಿ ಕೈ ಇಳಿಸಿ ನನ್ನನ್ನು ನೋಡಿದಳು.

ಆಮೇಲೆ ಆಗಿದ್ದು ಕೇಳಿ. ಮೂರನೇ ಸಾಲಿನಿಂದ ಒಬ್ಬ ಹುಡುಗ ಎದ್ದು ಬಂದ. "ಅಂಕಲ್, ಯಾವ ಹಾಡು?" ಅಂದ. ಹೇಳಿದೆ. ಅವನ ಫೋನ್‌ನಲ್ಲೇ ಇತ್ತು. ಯಾವುದೋ ವೆಬ್‌ಸೈಟ್‌ನಿಂದ ಇಳಿಸಿದ್ದು. ಫೈಲಿನ ಹೆಸರಲ್ಲೇ ಆ ಸೈಟ್‌ನ ಹೆಸರು ಅಂಟಿಕೊಂಡಿತ್ತು. ಕೇಬಲ್ ಚುಚ್ಚಿ ಲ್ಯಾಪ್‌ಟಾಪ್‌ಗೆ ಹಾಕಿದರು. ತಕ್ಷಣ ಬಂತು. ಸೈನ್ ಇನ್ ಇಲ್ಲ, ಒಟಿಪಿ ಇಲ್ಲ, ಮಿತಿ ಇಲ್ಲ. ಪುಟ್ಟಿ ಕುಣಿದಳು. ಚೆನ್ನಾಗಿಯೇ ಕುಣಿದಳು. ಜನ ಆ ಹುಡುಗನ ಬೆನ್ನು ತಟ್ಟಿದರು. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು: "ಸುಮ್ನೆ ದುಡ್ಡು ಯಾಕೆ ಹಾಕ್ತೀಯಪ್ಪ, ಎಲ್ಲಾ ನೆಟ್‌ನಲ್ಲೇ ಸಿಗುತ್ತಲ್ಲ."

ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಹೊಳೆಯುತ್ತಿಲ್ಲ. ಹಾಡಿದವರಿಗೆ, ಬರೆದವರಿಗೆ, ತಬಲಾ ನುಡಿಸಿದವರಿಗೆ ನಾಲ್ಕು ಕಾಸು ಸೇರಲಿ ಅಂತ ಹಾಕಿದೆ ಅಂತ ಹೇಳಬೇಕಿತ್ತು. ಆ ಹೊತ್ತಿನಲ್ಲಿ ಅದನ್ನು ಹೇಳಿದ್ದರೆ ಯಾರು ಕೇಳುತ್ತಿದ್ದರು?

ವೇದಿಕೆಯಲ್ಲಿ ಹಾಡು ಹಾಕಲು ಬೇರೆ ಲೈಸೆನ್ಸ್ ಬೇಕು ಅಂತ ಕೆಲವರು ಈಗ ಬರುತ್ತಾರೆ. ಬೇಕು, ಅದು ಬೇರೆ ಮಾತು, ಅದನ್ನು ಕಾರ್ಯಕ್ರಮ ನಡೆಸುವವರು ನೋಡಿಕೊಳ್ಳುತ್ತಾರೆ. ಆ ಫೈಲ್‌ಗೆ ವೇದಿಕೆ ಯಾವುದು, ಮನೆ ಯಾವುದು ಎಂದು ಗೊತ್ತಿರಲಿಲ್ಲ. ಬೆಳಿಗ್ಗೆ ಅದೇ ಪೆನ್‌ಡ್ರೈವ್ ನನ್ನ ಕಾರಿಗೆ ಹಾಕಿ ನೋಡಿದೆ. ಅಲ್ಲೂ ಇಲ್ಲ. ನನ್ನ ಕಾರು, ನನ್ನ ಪೆನ್‌ಡ್ರೈವ್, ನನ್ನ ದುಡ್ಡು. ಹಾಡು ಮಾತ್ರ ನನ್ನದಲ್ಲ.

ಅಂಗಡಿಯ ಸಹಾಯ ಕೇಂದ್ರಕ್ಕೆ ಬರೆದೆ. "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ, ನಮ್ಮ ಆಪ್‌ನಲ್ಲಿ ಕೇಳಿ ಆನಂದಿಸಿ" ಎಂದು ಉತ್ತರ ಬಂತು. ಕಾರಿನ ಪ್ಲೇಯರ್‌ಗೆ ಆಪ್ ಹೇಗೆ ಹಾಕಲಿ ಅಂತ ಕೇಳಿದೆ. ಅದೇ ಉತ್ತರ ಮತ್ತೆ ಬಂತು, ಒಂದು ಅಕ್ಷರವೂ ಬದಲಾಗದೆ. ಆ ಕಡೆ ಮನುಷ್ಯರು ಇದ್ದಾರಾ?

ರಾತ್ರಿ ಕೂತು ಇದರ ಚರಿತ್ರೆಯನ್ನೆಲ್ಲ ಓದಿದೆ. ಓದುತ್ತಾ ಓದುತ್ತಾ ಸಿಟ್ಟು ಇನ್ನೂ ಏರಿತು. ಇದು ಬಗೆಹರಿಯದ ಸಮಸ್ಯೆಯೇನಲ್ಲ, ಎಂದೋ ಬಗೆಹರಿದಿದೆ! 1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಸೇರಿ ಸಿಡಿ ತಂದಾಗ ಸದ್ದನ್ನು ಅಂಕಿಗಳಾಗಿ ಬರೆದಿಡಲು ಒಂದೇ ಅಳತೆ ಇಟ್ಟರು. 16 ಬಿಟ್, 44.1 ಕಿಲೋಹರ್ಟ್ಸ್. ಯಾರು ಮಾಡಿದ ಸಿಡಿಯೇ ಆಗಲಿ, ಯಾರು ಮಾಡಿದ ಪ್ಲೇಯರ್‌ನಲ್ಲಾದರೂ ಹಾಡಬೇಕು. ಹಾಡುತ್ತಿತ್ತು. ಆ ಕಾಲದ ಸಿಡಿ ಗೀರು ಬೀಳದೆ ಉಳಿದಿದ್ದರೆ ಇವತ್ತಿಗೂ ಹಾಡುತ್ತದೆ. ನಿನ್ನ ಖಾತೆ ಯಾವುದು ಅಂತ ಅದು ಕೇಳುವುದಿಲ್ಲ.

ಫೈಲಿಗೆ ಬೀಗ ಹಾಕುವ ಕೆಲಸ ಶುರುವಾಗಿದ್ದು ಆಮೇಲೆ. ಡಿಆರ್‌ಎಂ ಅನ್ನುತ್ತಾರೆ. ಹಾಡನ್ನು ಗುಪ್ತ ಲಿಪಿಗೆ ತಿರುಗಿಸಿ ಇಡುತ್ತಾರೆ, ಬಿಚ್ಚುವ ಕೀಲಿ ಅಂಗಡಿಯವರ ಸರ್ವರ್‌ನಿಂದ ಬರುತ್ತದೆ. ಕೀಲಿ ನಿಮ್ಮ ಖಾತೆಗೆ ಮತ್ತು ನಿಮ್ಮ ಸಾಧನಕ್ಕೆ ಕಟ್ಟಿರುತ್ತದೆ. ಫೈಲ್ ಮಾತ್ರ ಬೇರೆ ಕಡೆ ಹೋದರೆ ಅದು ಬರೀ ಕಸ. ಆಪಲ್ 2003ರಲ್ಲಿ ಐಟ್ಯೂನ್ಸ್ ಅಂಗಡಿ ತೆರೆದಾಗ ಹೀಗೇ ಮಾಡಿತ್ತು. ಅಲ್ಲಿ ಕೊಂಡದ್ದು ಆಪಲ್‌ನದೇ ಪ್ಲೇಯರ್ ಐಪಾಡ್‌ನಲ್ಲಿ ಬರುತ್ತಿತ್ತು, ಬೇರೆ ಕಂಪನಿಯ ಪ್ಲೇಯರ್‌ನಲ್ಲಿ ಬರುತ್ತಿರಲಿಲ್ಲ. ಮೈಕ್ರೋಸಾಫ್ಟ್ 2004ರಲ್ಲಿ ಪ್ಲೇಸ್ ಫಾರ್ ಶ್ಯೂರ್ ಎಂಬ ಗುರುತು ತಂದಿತು. ಆ ಗುರುತು ಇದ್ದರೆ ಖಂಡಿತ ಹಾಡುತ್ತದೆ ಎಂಬ ಭರವಸೆ. ಎರಡೇ ವರ್ಷಕ್ಕೆ, 2006ರಲ್ಲಿ, ಅದೇ ಮೈಕ್ರೋಸಾಫ್ಟ್ ಜೂನ್ ಎಂಬ ಪ್ಲೇಯರ್ ತಂದಿತು. ಪ್ಲೇಸ್ ಫಾರ್ ಶ್ಯೂರ್ ಹಾಡುಗಳು ಅದರಲ್ಲಿ ಹಾಡಲಿಲ್ಲ! ಅವರದೇ ಗುರುತು, ಅವರದೇ ಪ್ಲೇಯರ್. ಇದನ್ನು ಓದಿ ಪುಸ್ತಕ ಎಸೆಯುವ ಹಾಗೆ ಫೋನ್ ಎಸೆಯಬೇಕು ಅನ್ನಿಸಿತು.

2008ರದು ಇನ್ನೂ ಕೆಟ್ಟದ್ದು. ಮೈಕ್ರೋಸಾಫ್ಟ್‌ನದೇ ಹಾಡಿನ ಅಂಗಡಿ ಎಂಎಸ್‌ಎನ್ ಮ್ಯೂಸಿಕ್‌ನವರು ಕೀಲಿ ಕೊಡುವ ಸರ್ವರ್ ನಿಲ್ಲಿಸುತ್ತೇವೆ ಅಂದರು. ಜನ ಗಲಾಟೆ ಮಾಡಿದ ಮೇಲೆ ದಿನ ಮುಂದೆ ಹಾಕಿದರು. ಅದೇ ವರ್ಷ ಯಾಹೂನವರೂ ನಿಲ್ಲಿಸುತ್ತೇವೆ ಅಂದರು, ಆಮೇಲೆ ಗಿರಾಕಿಗಳಿಗೆ ಪರಿಹಾರ ಕೊಡಬೇಕಾಯಿತು. ಸರ್ವರ್ ನಿಂತರೆ ಏನಾಗುತ್ತದೆ ಗೊತ್ತಾ? ಕಂಪ್ಯೂಟರ್ ಬದಲಾಯಿಸಿದ ದಿನ ನಿಮ್ಮ ಹಾಡುಗಳು ಸತ್ತವು. ಕಳ್ಳ ಕಾಪಿ ಇಟ್ಟುಕೊಂಡವರಿಗೆ ಏನೂ ಆಗಲಿಲ್ಲ. ಏಟು ಬಿದ್ದಿದ್ದು ಬಿಲ್ ಕಟ್ಟಿದವರಿಗೆ ಮಾತ್ರ.

ಅಷ್ಟರಲ್ಲಿ ಅವರಿಗೂ ಬುದ್ಧಿ ಬರತೊಡಗಿತ್ತು. 2007ರ ಫೆಬ್ರುವರಿಯಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು, ಹಾಡಿನ ಕಂಪನಿಗಳು ಬೀಗ ಬಿಡಬೇಕು ಎಂದರು. ಅದೇ ವರ್ಷ ಇಎಂಐ ಎಂಬ ಹಾಡಿನ ಕಂಪನಿ ಒಪ್ಪಿತು, ಅಮೆಜಾನ್ ಬೀಗವಿಲ್ಲದ ಎಂಪಿ3 ಮಾರಲು ಶುರು ಮಾಡಿತು. 2009ರಲ್ಲಿ ಐಟ್ಯೂನ್ಸ್ ಹಾಡುಗಳ ಬೀಗವೂ ಹೋಯಿತು. ಯಾರೂ ಮುಳುಗಲಿಲ್ಲ. ಎಂಪಿ3 ಪೇಟೆಂಟ್‌ಗಳ ಕಾಲವೂ ಮುಗಿದು, 2017ರಲ್ಲಿ ಅದನ್ನು ಹುಟ್ಟುಹಾಕಿದ ಫ್ರೌನ್‌ಹೋಫರ್ ಸಂಸ್ಥೆ ಲೈಸೆನ್ಸ್ ಕೊಡುವುದನ್ನೇ ನಿಲ್ಲಿಸಿತು. ಯಾರು ಬೇಕಾದರೂ ಬಳಸಬಹುದು. ಹಾಗಾದರೆ ಇಷ್ಟು ವರ್ಷದ ಮೇಲೆ ನನಗೆ ಬೀಗ ಹಾಕಿದ ಫೈಲ್ ಮಾರಿದ ಈ ಅಂಗಡಿಗೆ ಏನು ನೆಪ ಇದೆ? ಹೇಳಿ, ಏನಿದೆ?

ತಿಂಗಳ ಚಂದಾ ಕಟ್ಟಿ ಕೇಳುವ ಆಪ್‌ಗಳಲ್ಲಿ ಬೀಗ ಇರುವುದು ನನಗೆ ಅರ್ಥವಾಗುತ್ತದೆ. ಅದು ಬಾಡಿಗೆ. ಚಂದಾ ನಿಲ್ಲಿಸಿದರೆ ಹಾಡು ನಿಲ್ಲುತ್ತದೆ, ಸರಿ. ಅದನ್ನು ಗೊತ್ತಿದ್ದೇ ಕಟ್ಟುತ್ತೇವೆ. ನಾನು ಬಾಡಿಗೆ ಕಟ್ಟಲಿಲ್ಲ. ಒಂದೊಂದು ಹಾಡಿಗೂ ಬೆಲೆ ಕೊಟ್ಟೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನು ಇದೆ. ಬರೀ ಬಳಸುವ ಪರವಾನಗಿ ಕೊಡುವುದಾದರೆ ಅದನ್ನು ಗಿರಾಕಿಗೆ ಸ್ಪಷ್ಟವಾಗಿ ಹೇಳಬೇಕು, ಹೇಳದೆ ಖರೀದಿ ಅಂತ ಬಟನ್ ಇಡುವಂತಿಲ್ಲ. ಇಳಿಸಿಕೊಂಡು ನೆಟ್ ಇಲ್ಲದೆಯೂ ಶಾಶ್ವತವಾಗಿ ಇಟ್ಟುಕೊಳ್ಳಬಹುದಾದ ಫೈಲ್‌ಗೆ ಈ ಕಟ್ಟು ಇಲ್ಲ. ಎಷ್ಟು ನ್ಯಾಯ ನೋಡಿ. ಅಷ್ಟಾದರೂ ಎಲ್ಲ ಕಡೆ ಇರಬಾರದಾ? ಇದ್ದಿದ್ದರೂ ಬೀಗ ಹೋಗುತ್ತಿರಲಿಲ್ಲ, ಆದರೆ ನಾನು ಕೊಳ್ಳುವ ಮೊದಲು ಬೇರೆ ಅಂಗಡಿಗೆ ಹೋಗುತ್ತಿದ್ದೆ.

ಬೀಗ ಇಲ್ಲದಿದ್ದರೂ ಕಾಟ ಪೂರ್ತಿ ಮುಗಿಯುವುದಿಲ್ಲ, ಅದೂ ಗೊತ್ತು. ಫ್ಲಾಕ್ ಎಂಬ ಬಗೆಯ ಫೈಲ್ ಕೊಂಡರೆ ಸಿಡಿಯಷ್ಟೇ ಚೆನ್ನಾಗಿರುತ್ತದೆ, ಒಂದು ಕಣವೂ ಕಳೆಯುವುದಿಲ್ಲ. ಆದರೆ ಎಷ್ಟೋ ಹಳೇ ಪ್ಲೇಯರ್‌ಗಳಿಗೆ ಅದು ಗೊತ್ತೇ ಇಲ್ಲ. ಕೆಲವು ಕಾರುಗಳು ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೇ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರದಿದ್ದರೆ ಮುಟ್ಟುವುದೇ ಇಲ್ಲ. ಕನ್ನಡದಲ್ಲಿ ಹೆಸರು ಹಾಕಿದರೆ ಬರೀ ಚೌಕ ಚೌಕ ತೋರಿಸುತ್ತವೆ. ಇದನ್ನೆಲ್ಲ ಸಹಿಸಬಲ್ಲೆ. ಫ್ಲಾಕ್‌ನಿಂದ ನಾನೇ ಎಂಪಿ3 ಮಾಡಿಕೊಳ್ಳಬಲ್ಲೆ, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಬಲ್ಲೆ, ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಬರೆಯಬಲ್ಲೆ. ಕೈಯಲ್ಲಿ ಫೈಲ್ ಇದ್ದರೆ ದಾರಿ ಇದೆ. ಬೀಗ ಹಾಕಿದ್ದರೆ ಯಾವ ದಾರಿಯೂ ಇಲ್ಲ. 4 ನಿಮಿಷದ ಹಾಡು ಒಳ್ಳೆಯ ಗುಣಮಟ್ಟದ (320 ಕೆಬಿಪಿಎಸ್) ಎಂಪಿ3 ಆದರೆ ಸುಮಾರು 10 ಎಂಬಿ. ಆ 10 ಎಂಬಿಯನ್ನು ಸುಮ್ಮನೆ ಕೈಗೆ ಕೊಡಲು ಇವರಿಗೆ ಏನು ಕಷ್ಟ?

ಇನ್ನು ಮೇಲೆ ಹಾಡು ಕೊಳ್ಳುವುದೇ ಇಲ್ಲ ಅಂತ ರಾತ್ರಿ ನಿರ್ಧಾರ ಮಾಡಿದ್ದೆ. ಬೆಳಿಗ್ಗೆ ಮನಸ್ಸು ಒಪ್ಪಲಿಲ್ಲ. ನಾನು ಕೊಳ್ಳುವುದು ನಿಲ್ಲಿಸಿದರೆ ಈ ಅಂಗಡಿಗೆ ಏನೂ ಆಗುವುದಿಲ್ಲ, ಹಾಡಿದವರಿಗೆ ಹೋಗುವ ಸ್ವಲ್ಪವೂ ನಿಲ್ಲುತ್ತದೆ. ಆ ಹುಡುಗನ ಮೇಲೂ ನನಗೆ ಸಿಟ್ಟಿಲ್ಲ. ಸಮಯಕ್ಕೆ ಆಗಿ ಬಂದ, ಪುಟ್ಟಿಯ ಮಾನ ಉಳಿಸಿದ. ಆದರೆ ಅವನಿಗೆ "ನೀನೂ ದುಡ್ಡು ಕೊಟ್ಟು ತಗೋ ಮರಿ" ಅಂತ ಹೇಳುವ ಬಾಯಿ ನನಗೆ ಉಳಿದಿದೆಯಾ? ಆ ಬಾಯಿ ಕಿತ್ತುಕೊಂಡವರು ಯಾರು? ಕಳ್ಳತನ ತಡೆಯುತ್ತೇವೆ ಅಂತ ಬೀಗ ಹಾಕಿದವರೇ.

ದುಡ್ಡು ವಾಪಸ್ ಕೇಳಿದ್ದೇನೆ. "ಡಿಜಿಟಲ್ ವಸ್ತುಗಳಿಗೆ ಮರುಪಾವತಿ ಇಲ್ಲ" ಎಂದಿದ್ದಾರೆ. ಮತ್ತೆ ಕೇಳುತ್ತೇನೆ. ಕೊಡುವುದಿಲ್ಲ, ಗೊತ್ತು. ಆದರೂ ಕೇಳುತ್ತೇನೆ. ಆ ಪುಟದ ಚಿತ್ರ ತೆಗೆದು ಇಟ್ಟುಕೊಂಡಿದ್ದೇನೆ, "ಎಲ್ಲ ಸಾಧನಗಳಲ್ಲಿ" ಅನ್ನುವ ಸಾಲಿನ ಸಮೇತ. ಅದನ್ನು ಹಿಡಿದು ಗ್ರಾಹಕ ದೂರು ಕೊಡಬಹುದಾ ಅಂತ ಗೊತ್ತಿದ್ದವರು ಹೇಳಿ.

ಮತ್ತೆ ಇನ್ನೊಂದು. ಬೀಗವಿಲ್ಲದ ಎಂಪಿ3 ಅಥವಾ ಫ್ಲಾಕ್ ಮಾರುವ ಅಂಗಡಿ ಗೊತ್ತಿದ್ದರೆ ಹೆಸರು ಹೇಳಿ. ಆಪ್ ಬೇಡ, ಖಾತೆಗೆ ಕಟ್ಟಿದ ಫೈಲ್ ಬೇಡ. ಇಳಿಸಿಕೊಂಡ ಮೇಲೆ ಆ ಅಂಗಡಿ ಮುಚ್ಚಿದರೂ ಹಾಡಬೇಕು. ಅದೇ ಹಾಡನ್ನು ಮತ್ತೊಮ್ಮೆ ದುಡ್ಡು ಕೊಟ್ಟೇ ತಗೊಳ್ಳುತ್ತೇನೆ.