30 ಸೆಕೆಂಡಿನ ರಿಯಾಯಿತಿ: ಸತ್ಯಾಂಶ

ಹಾಡಿನ 30 ಸೆಕೆಂಡಿಗಿಂತ ಕಡಿಮೆ ತುಣುಕು ಬಳಸಿದರೆ ಹಕ್ಕುಸ್ವಾಮ್ಯದ ತೊಡಕಿಲ್ಲ ಎಂಬ ಸಂದೇಶ ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ವಿಡಿಯೊ ಮಾಡುವವರ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತದೆ. ಹಂಚುವವರ ಉದ್ದೇಶ ಒಳ್ಳೆಯದೇ. ಆದರೆ ಅಂಥ ರಿಯಾಯಿತಿ ಕಾನೂನಿನಲ್ಲಿಲ್ಲ.

1957ರ ಹಕ್ಕುಸ್ವಾಮ್ಯ ಕಾಯ್ದೆಯ ವಿನಾಯಿತಿಗಳ ಪಟ್ಟಿ 52ನೇ ಸೆಕ್ಷನ್‌ನಲ್ಲಿದೆ. ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು. ಹಾಡಿಗೆ ಇಂತಿಷ್ಟು ಸೆಕೆಂಡು ಎಂಬ ಲೆಕ್ಕ ಸಿಗುವುದಿಲ್ಲ. ಮದುವೆ ದಿಬ್ಬಣದಲ್ಲಿ ಹಾಡು ನುಡಿಸಲು ವಿನಾಯಿತಿ ಇದೆ ನಿಜ. ಅದೇ ಹಾಡನ್ನು ವಿಡಿಯೊಗೆ ಜೋಡಿಸಿ ಅಪ್‌ಲೋಡ್ ಮಾಡುವುದು ಬೇರೆ ಮಾತು.

ವಿಡಿಯೊಗಳಲ್ಲಿ ಬಳಸಲು ಸಂಗೀತದ ಪರವಾನಗಿ ಮಾರುವ ಮ್ಯೂಸಿಕ್ ಲೈಬ್ರರಿಗಳಿಗೆ ಹಿನ್ನೆಲೆ ಸಂಗೀತ ಕೊಟ್ಟು ದುಡಿಯುವವರಿಗೆ ಈ ತಪ್ಪು ಇನ್ನೂ ದುಬಾರಿ. ಟ್ರ್ಯಾಕ್ ಪೂರ್ತಿ ಸ್ವಂತದ್ದೆಂದು ಅವರು ಒಪ್ಪಂದದಲ್ಲೇ ಬರೆದುಕೊಟ್ಟಿರುತ್ತಾರೆ. ಹಳೆಯ ಯಕ್ಷಗಾನ ಧ್ವನಿಮುದ್ರಣದಿಂದ ಎಂಟು ಸೆಕೆಂಡು ಚೆಂಡೆ ಕತ್ತರಿಸಿ ಸೇರಿಸಿದರೂ ಆ ಮಾತು ಸುಳ್ಳಾಗುತ್ತದೆ. ಪದ್ಯ ಎಷ್ಟೇ ಹಳೆಯದಿರಲಿ, ಧ್ವನಿಮುದ್ರಣಕ್ಕೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷಗಳ ಪ್ರತ್ಯೇಕ ಹಕ್ಕಿದೆ. ಸಿಕ್ಕಿಬಿದ್ದರೆ ಲೈಬ್ರರಿ ಟ್ರ್ಯಾಕ್ ತೆಗೆಯಬಹುದು, ಹಣ ತಡೆಹಿಡಿಯಬಹುದು. ಅದನ್ನು ಕೊಂಡು ಬಳಸಿದವರ ವಿಡಿಯೊಗೂ ಕ್ಲೇಮ್, ಅಂದರೆ ಹಕ್ಕುದಾರರ ತಕರಾರು, ಬೀಳಬಹುದು. ಆಗುಂಬೆಯ ಮಳೆಯನ್ನು ನೀವೇ ರೆಕಾರ್ಡ್ ಮಾಡಿದರೆ ಈ ತಲೆನೋವಿಲ್ಲ. ಚೆಂಡೆಯವರನ್ನು ಕರೆಸಿ ನುಡಿಸಿದರೆ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ.

ಇಂಥ ಸಂದೇಶ ಬಂದಾಗ ಸೆಕ್ಷನ್ ಸಂಖ್ಯೆ ಕೇಳಿ. ಹಾಡು ಬಳಸುವ ಮುನ್ನ ರಚನೆ ಯಾರದ್ದು, ಧ್ವನಿಮುದ್ರಣ ಯಾರದ್ದು ಎಂದು ಎರಡನ್ನೂ ಬೇರೆ ಬೇರೆ ವಿಚಾರಿಸಿ, ಪರವಾನಗಿಯ ಪ್ರತಿ ಇಟ್ಟುಕೊಳ್ಳಿ. ಅಪ್‌ಲೋಡ್ ಮಾಡುವಾಗ ಯೂಟ್ಯೂಬ್ ನಡೆಸುವ ಹಕ್ಕುಸ್ವಾಮ್ಯ ತಪಾಸಣೆಯಲ್ಲಿ ಏನೂ ಸಿಗಲಿಲ್ಲವೆಂದರೆ ಅನುಮತಿ ಸಿಕ್ಕಿದಂತಲ್ಲ; ಕ್ಲೇಮ್ ಆಮೇಲೂ ಬರಬಹುದು.